ಟಾಟಾ ಏಸ್ ಹಿಂಚಕ್ರದ ಬ್ರೇಕ್ ಶೂ ಕಿಟ್: ಶೂ ಭೇಷ್, ರಬ್ಬರ್ ನಂಬಬೇಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಏಸ್‌ಗೆ ಅಂತ ಕೊಡುವ ಹಿಂಬದಿ ಕಿಟ್‌ನಲ್ಲಿ ನಾಲ್ಕು ಶೂ, ರಿಟರ್ನ್ ಸ್ಪ್ರಿಂಗ್, ಶೂ ಹಿಡಿಯುವ ಪಿನ್ನು, ವೀಲ್ ಸಿಲಿಂಡರ್‌ನ (ಪೆಡಲ್ ಒತ್ತಿದಾಗ ಶೂಗಳನ್ನು ಡ್ರಮ್ಮಿನತ್ತ ತಳ್ಳುವ ಭಾಗ) ರಬ್ಬರ್ ಕಪ್ಪು, ಅಂದರೆ ಆಯಿಲ್ ಸೋರದಂತೆ ತಡೆಯುವ ಬಟ್ಟಲಾಕಾರದ ಸೀಲು, ಇರುತ್ತವೆ. ಏಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ಮು; ಶೂ ಬೇಕಾಗುವುದು ಡ್ರಮ್ಮಿಗೆ ಮಾತ್ರ, ಚಕ್ರಕ್ಕೆ ಎರಡು. ಹಾಗಾಗಿ ಒಂದು ಕಿಟ್‌ಗೆ ಎರಡೂ ಹಿಂಚಕ್ರ ಮುಗಿಯುತ್ತವೆ. ಮೊದಲ ಸಲ ಸ್ವಂತ ಕೈಯಲ್ಲಿ ಬ್ರೇಕ್ ಬಿಚ್ಚುವವರಿಗೆ ಇದು ಒಳ್ಳೆಯ ಖರೀದಿ. 5ಕ್ಕೆ 3.5 ಅಂಕ ಕೊಡಬಹುದು. ಕಳೆದ ಒಂದೂವರೆ ಅಂಕವೆಲ್ಲ ರಬ್ಬರ್‌ನದ್ದೇ.

ಡಬ್ಬ ಅಂಗಡಿಯಲ್ಲೇ ತೆಗೆಸಿ ನೋಡಿ. ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಮತ್ತು ಶೂನ ಕಬ್ಬಿಣದ ನಡುವೆ ಉಗುರು ತೂರುವಷ್ಟು ಸಂದಿ ಇದ್ದರೆ ವಾಪಸ್ ಕೊಡಿ. ಲೈನರನ್ನು ಹಿಡಿದಿಡುವ ರಿವಿಟ್ ತಲೆ ಅದರ ಮೇಲ್ಮೈಗಿಂತ ಚೆನ್ನಾಗಿ ಒಳಗೆ ಕೂತಿರಬೇಕು. ಹಳೆಯ ಶೂನಲ್ಲಿ ಈ ಅಂತರ 1 ಮಿ.ಮೀ.ಗೆ ಇಳಿದರೆ ಬದಲಾಯಿಸುವ ಹೊತ್ತಾಯಿತು. ಅದಕ್ಕಿಂತ ಹೆಚ್ಚು ಸವೆಸಿದರೆ ರಿವಿಟ್ಟೇ ಡ್ರಮ್ ಗೀರಿ ಖರ್ಚು ದುಪ್ಪಟ್ಟಾಗುತ್ತದೆ.

ಕಿಟ್‌ನ ಕಪ್ಪುಗಳ ವಿಷಯ ಬೇರೆ. ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ತುದಿ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಬಿಚ್ಚಿದಾಗ ಒಳಗೋಡೆಯಲ್ಲಿ ತುಕ್ಕಿನ ಗುಳಿ ಕಂಡರೆ ಹೊಸ ಕಪ್ಪು ಹಾಕಿ ಪ್ರಯೋಜನವಿಲ್ಲ, ಗುಳಿಯ ಮೇಲೆ ಓಡಾಡಿ ಅದೂ ಹರಿಯುತ್ತದೆ. ಪೂರ್ತಿ ಸಿಲಿಂಡರನ್ನೇ ತನ್ನಿ. ಕಪ್ಪನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಲೇಬೇಡಿ, ಉಬ್ಬಿ ಜಾಮ್ ಆಗುತ್ತದೆ. ತೊಳೆಯಲು ಬ್ರೇಕ್ ಆಯಿಲ್ಲೇ ಸಾಕು. ಇನ್ನು ಶೂ ಮೇಲೆ ದಪ್ಪನೆಯ, ಗೇರ್ ಆಯಿಲ್ ವಾಸನೆಯ ಜಿಡ್ಡಿದ್ದರೆ ತಪ್ಪು ಸಿಲಿಂಡರ್‌ನದ್ದಲ್ಲ, ಗೇರ್ ಆಯಿಲ್ ಚಕ್ರದ ಕಡೆ ಬರದಂತೆ ತಡೆಯುವ ಆಕ್ಸಲ್ ಸೀಲಿನದ್ದು. ಅದನ್ನು ಸರಿಮಾಡದೆ ಹೊಸ ಶೂ ಹಾಕಿದರೆ ಅದೂ ನೆನೆದು ಹಾಳಾಗುತ್ತದೆ.

ಬಿಚ್ಚುವಾಗ ಮುಂಚಕ್ರಕ್ಕೆ ಕಲ್ಲಿಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಹ್ಯಾಂಡ್ ಬ್ರೇಕ್ ಇಳಿಸಿ. ಡ್ರಮ್ ಬರದಿದ್ದರೆ ಅಡ್ಜಸ್ಟರ್ (ಶೂ-ಡ್ರಮ್ ನಡುವಿನ ಸಂದಿ ಹೊಂದಿಸುವ ಹಲ್ಲಿನ ತಿರುಪು) ಹಿಂದಕ್ಕೆ ತಿರುಗಿಸಿ. ಡ್ರಮ್ಮಿನಲ್ಲಿ ಥ್ರೆಡ್ (ತಿರುಪಿನ ಗೆರೆ) ಇರುವ ತೂತುಗಳಿದ್ದರೆ ಅವಕ್ಕೆ ಬೋಲ್ಟ್ ಹಾಕಿ ಎರಡೂ ಕಡೆ ಸರಿಸಮ ಬಿಗಿಯಿರಿ, ತಾನಾಗಿ ಹೊರಬರುತ್ತದೆ. ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ, ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿಗೆ ಅಂತ ಮರೆತರೆ ಬಿಚ್ಚದ ಇನ್ನೊಂದು ಕಡೆ ಹೋಗಿ ನೋಡಬಹುದು. ಅಡ್ಜಸ್ಟರ್‌ಗಳ ಥ್ರೆಡ್ ಎಡ-ಬಲಕ್ಕೆ ಬೇರೆ ಇರಬಹುದು, ಅದಲುಬದಲು ಮಾಡಿದರೆ ಬಿಗಿಯುವ ಬದಲು ಸಡಿಲಾಗುತ್ತಾ ಹೋಗುತ್ತದೆ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಕೆತ್ತಿರುತ್ತಾರೆ. ಒಳವ್ಯಾಸ ಅದನ್ನು ದಾಟಿದ್ದರೆ ಲೇತ್‌ಗೆ ಕೊಟ್ಟು ಪ್ರಯೋಜನವಿಲ್ಲ.

ಸಿಲಿಂಡರ್ ಮುಟ್ಟಿದ ಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಯಲೇಬೇಕು, ಇದಕ್ಕೇ ಬ್ಲೀಡ್ ಮಾಡುವುದು ಅನ್ನುತ್ತಾರೆ. ಅದಕ್ಕೆ ಬೇಕಾದ ಆಯಿಲ್ ಕಿಟ್‌ನಲ್ಲಿ ಬರುವುದಿಲ್ಲ. ರಿಸರ್ವಾಯರ್ (ಗಾಡಿಯ ಬ್ರೇಕ್ ಆಯಿಲ್ ತುಂಬುವ ಡಬ್ಬಿ) ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದೇ ತನ್ನಿ. ಡಾಟ್ 3ರ ಒಣ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230. ನೀರು ಹೀರಿದ ಮೇಲೆ ಇವು 140 ಮತ್ತು 155ಕ್ಕೆ ಇಳಿಯುತ್ತವೆ. ಚಾರ್ಮಾಡಿ, ಶಿರಾಡಿಯಂಥ ಘಾಟಿ ಇಳಿಯುವಾಗ ಆಯಿಲ್ ಕುದ್ದು ಪೆಡಲ್ ನೆಲ ಮುಟ್ಟುವುದು ಇದರಿಂದಲೇ. ಸೀಲ್ ಒಡೆದು ವರ್ಷಗಟ್ಟಲೆ ಮೂಲೆಯಲ್ಲಿದ್ದ ಡಬ್ಬಿ ಬೇಡ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡುವುದು ವಾಡಿಕೆ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸಿಲಿಂಡರ್‌ನಿಂದ ಏರ್ ಬಿಡುವ ಬ್ಲೀಡರ್ ತಿರುಪು ತೆರೆದು ಮುಚ್ಚಲಿ. ಮುಚ್ಚುವವರೆಗೂ ಕಾಲು ತೆಗೆಯಬಾರದು, ರಿಸರ್ವಾಯರ್‌ನಲ್ಲಿ ಆಯಿಲ್ ಖಾಲಿಯಾಗಬಾರದು. ಲೋಡ್ ನೋಡಿ ಒತ್ತಡ ಬದಲಿಸುವ ವಾಲ್ವ್ ಇರುವ ಗಾಡಿಯ ಹಿಂಬದಿಯನ್ನು ತೂಗುಬಿಟ್ಟು ಬ್ಲೀಡ್ ಮಾಡಿದರೆ ಹಿಂದಕ್ಕೆ ಆಯಿಲ್ ಸರಿಯಾಗಿ ಹರಿಯದು. ಆಕ್ಸಲ್ ಮೇಲೆ ಭಾರ ಇರಲಿ.

ಇದೆಲ್ಲ ಆಯಿಲ್ ಬ್ರೇಕ್ ಗಾಡಿಗಳ ಮಾತು. ಏರ್ ಬ್ರೇಕ್ ಲಾರಿಯ ಸ್ಪ್ರಿಂಗ್ ಚೇಂಬರ್ ಬಿಚ್ಚುವ ಸಾಹಸ ಮನೆಯಲ್ಲಿ ಬೇಡವೇ ಬೇಡ, ಒಳಗಿನ ಸ್ಪ್ರಿಂಗ್ ಸಿಡಿದರೆ ಜೀವ ಹೋಗುತ್ತದೆ.

ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಶೂ ತುಸು ಉಜ್ಜುವ ಸದ್ದು ಬಂದಾಗ ಅಡ್ಜಸ್ಟರನ್ನು ಒಂದೆರಡು ಹಲ್ಲು ಹಿಂದಕ್ಕೆ ಬಿಡಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯುವುದು ಆಮೇಲೆ. ಗಾಡಿ ಹೊರಡುವ ಮುಂಚೆ ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಸ್ಪಂಜಿನಂತೆ ಇಳಿದರೆ ಇನ್ನೂ ಗಾಳಿ ಇದೆ. ಖಾಲಿ ರಸ್ತೆಯಲ್ಲಿ 30-40 ಕಿ.ಮೀ. ವೇಗದಿಂದ ಹತ್ತಾರು ಸಲ ಮೆಲ್ಲಗೆ ಬ್ರೇಕ್ ಹಿಡಿದು ಶೂ ಕೂರಿಸಿ. ಲೋಡ್ ಹಾಕುವುದು, ಘಾಟಿ ಇಳಿಯುವುದು ಅದಾದ ನಂತರ. ಸುಮಾರು 50 ಕಿ.ಮೀ. ಓಡಿಸಿದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ.