ಶಾಖನ್ ಅರಮನೆ: ಒಂದೇ ಹಾಲ್‌ಗಾಗಿ 10 ಕಿ.ಮೀ. ಏರು

ಹೊರಗಿನಿಂದ ನೋಡಿದರೆ ದೊಡ್ಡದೊಂದು ಮರದ ಬಂಗಲೆ, ಅಷ್ಟೇ. ಈಗಿನ ಜರ್ಮನಿಯಲ್ಲಿರುವ ಬವೇರಿಯಾದ ದೊರೆ 2ನೇ ಲುಡ್ವಿಗ್ 1869–72ರಲ್ಲಿ, ಆಲ್ಪ್ಸ್‌ನ 1,866 ಮೀಟರ್ ಎತ್ತರದಲ್ಲಿ, ಸ್ವಿಸ್ ಮನೆಗಳ ಧಾಟಿಯಲ್ಲಿ ಕಟ್ಟಿಸಿದ್ದು. ಕೆಳಗಿನ ಕೋಣೆಗಳು ಸರಳ. ಇಷ್ಟಕ್ಕೇನಾ ಹತ್ತಿದ್ದು ಅನಿಸುತ್ತದೆ. ಮೇಲಿನ ಟರ್ಕಿಶ್ ಹಾಲ್‌ಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ: ಚಿನ್ನ ಬಳಿದ ಗೋಡೆ, ಸುತ್ತ ದಿವಾನ್ ಎಂಬ ಮೆತ್ತನೆಯ ಆಸನಗಳು, ನಡುವೆ ಕಾರಂಜಿ, ಬಣ್ಣದ ಗಾಜಿನಿಂದ ಇಳಿಯುವ ಬೆಳಕು. ಮೋಡವಿದ್ದ ದಿನ ಈ ಬೆಳಕೇ ಸಪ್ಪೆ, ಹಾಗಾಗಿ ಹವಾಮಾನ ನೋಡಿಯೇ ಹೊರಡಿ. ದೊರೆ ತನ್ನ ಆಗಸ್ಟ್ 25ರ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದದ್ದು ಇಲ್ಲೇ.

ಕಾರು, ಬಸ್ಸು ಮೇಲಕ್ಕೆ ಹೋಗುವುದಿಲ್ಲ. ಕೆಳಗಿನ ಎಲ್ಮಾವ್ ಎಂಬ ಊರಿನಿಂದ ಹಳೆಯ ರಾಜಮಾರ್ಗ ಸುಮಾರು 10 ಕಿ.ಮೀ., ಮೂರೂವರೆ ತಾಸಿನ ನಡಿಗೆ. ಪಾರ್ಟ್ನಾಖ್ ನದಿಯ ಕಮರಿಯ ದಾರಿ ಚೆಂದ, ಆದರೆ ಮಂಡಿ ನೋಯುವಷ್ಟು ಕಡಿದು. ಒಳಗೆ ಗೈಡ್ ಜೊತೆ ಮಾತ್ರ ಪ್ರವೇಶ, ಅದೂ ಬೇಸಿಗೆಯಲ್ಲಷ್ಟೇ. ತಡವಾಗಿ ಹೊರಟವರು ಕೊನೆಯ ಸುತ್ತು ತಪ್ಪಿಸಿಕೊಂಡು ಬೀಗ ನೋಡಿ ಇಳಿಯುತ್ತಾರೆ. ಪಕ್ಕದ ಆಲ್ಪೈನ್ ತೋಟದಲ್ಲಿ ಹಿಮಾಲಯದ ಗಿಡಗಳೂ ಇವೆ. ಅರ್ಧ ತಾಸು ಅದಕ್ಕೂ ಇಡಿ.