ಕುಳಿತು ಮಾಡುವ ಲೆಗ್ ಪ್ರೆಸ್: ಮೂರು ವರ್ಷ ಬಳಸಿದ ಮೇಲೆ

ವಿಜಯಪುರದಲ್ಲಿರುವ ನಮ್ಮ ಸಣ್ಣ ಜಿಮ್‌ಗೆ ಕುಳಿತು ಮಾಡುವ ಲೆಗ್ ಪ್ರೆಸ್, ಅಂದರೆ ಕೂತು ಕಾಲಿನಿಂದ ಭಾರ ತಳ್ಳುವ ಯಂತ್ರ, ಬಂದು ಮೂರು ವರ್ಷ ದಾಟಿದೆ. ಅದಕ್ಕೂ ಮೊದಲು ನಮ್ಮಲ್ಲಿದ್ದುದು ಪ್ಲೇಟು ಏರಿಸಿ ಮೇಲಕ್ಕೆ ತಳ್ಳುವ 45 ಡಿಗ್ರಿಯ ಯಂತ್ರ. ಗರಡಿಯಲ್ಲಿ ಬಸ್ಕಿ ಹೊಡೆದು ಪಳಗಿದ ಹುಡುಗರಿಗೆ ಅದೇ ಸಾಕಾಗಿತ್ತು. ಬೆಳಿಗ್ಗೆ ಬರುವ ಮಹಿಳೆಯರು ಮತ್ತು ಹಿರಿಯರು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಹೊಸ ಯಂತ್ರದ ನಿಜವಾದ ಹೆಚ್ಚುಗಾರಿಕೆ ಅದರ ಸೀಟಿನಲ್ಲಿದೆ. ಸ್ಪ್ರಿಂಗ್ ಪಿನ್ ಎಳೆದರೆ ಸೀಟು ಹಿಂದೆ ಮುಂದೆ ಸರಿಯುತ್ತದೆ, ಬೆನ್ನೊರಗಿನ ಓರೆಯನ್ನೂ ಬದಲಿಸಿಕೊಳ್ಳಬಹುದು. ಆರಂಭದಲ್ಲಿ ಮೊಣಕಾಲು ಸುಮಾರು 90 ಡಿಗ್ರಿ ಮಡಚಿರುವಂತೆ ಕೂತರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಸೀಟು ತೀರ ಮುಂದಿದ್ದರೆ ತೊಡೆ ಹೊಟ್ಟೆಗೆ ಒತ್ತಿ, ಸೊಂಟ ಒರಗಿನಿಂದ ಮೇಲೆದ್ದು, ಕಾಲಿಗೆ ಬೀಳಬೇಕಾದ ಭಾರ ಕೆಳಬೆನ್ನಿಗೆ ಬೀಳುತ್ತದೆ. ಇಷ್ಟು ಮುಖ್ಯವಾದ ಹೊಂದಾಣಿಕೆಗೆ ತಯಾರಕರು ಪಿನ್ ಕೂರುವ ತೂತುಗಳ ಪಕ್ಕ ಅಂಕಿಗಳನ್ನೇ ಹಾಕಿರಲಿಲ್ಲ. ಹಿಂದಿನವರು ಬಿಟ್ಟುಹೋದ ಜಾಗದಲ್ಲೇ ಕೂತು ತಳ್ಳುವುದು ಎಲ್ಲರ ಅಭ್ಯಾಸವಾದ್ದರಿಂದ, ನಾನೇ ಬಿಳಿ ಬಣ್ಣದಲ್ಲಿ ಅಂಕಿ ಬರೆದು, ಯಾರಿಗೆ ಯಾವ ತೂತು ಎಂಬುದನ್ನು ಹಾಜರಿ ಪುಸ್ತಕದಲ್ಲಿ ನಮೂದಿಸತೊಡಗಿದೆ. ಸೊಂಟ ಹಿಡಿಯಿತೆಂಬ ದೂರು ಆಮೇಲೆ ಕಡಿಮೆಯಾಯಿತು.

ಸೈಕ್ಲಿಂಗ್‌ಗೆ ಹೆಸರಾದ ಊರು ನಮ್ಮದು. ಸೈಕಲ್ ತುಳಿಯುವ ಹುಡುಗರು ಇದರಲ್ಲಿ ಒಂದೊಂದೇ ಕಾಲಿನಿಂದ ತಳ್ಳುತ್ತಾರೆ. ಯಾವ ಕಾಲು ದುರ್ಬಲವೆಂಬುದು ಆಗ ಮುಚ್ಚಿಡಲಾಗದಂತೆ ಬಯಲಾಗುತ್ತದೆ.

ಕೇಬಲ್ ಎಳೆದು ಎತ್ತುವ ಕಬ್ಬಿಣದ ತೂಕದ ಪಟ್ಟಿಗಳ ಮೇಲಿನ ಅಂಕಿಯನ್ನು ಮಾತ್ರ ಅಕ್ಷರಶಃ ನಂಬಬಾರದು. ಕೇಬಲ್ ಹಾದುಹೋಗುವ ಗಾಲಿಗಳ ಜೋಡಣೆಗೆ ತಕ್ಕಂತೆ ಕಾಲಿಗೆ ತಾಗುವ ಭಾರ ಬದಲಾಗುತ್ತದೆ. ಇಲ್ಲಿ 100 ಕಿಲೋ ತಳ್ಳಿದೆನೆಂದು ಬೀಗಿದವರು ಬಾರ್ಬೆಲ್ ಹೊತ್ತು ಬಸ್ಕಿ ಹೊಡೆಯುವಾಗ 60 ಕಿಲೋಗೆ ತಡವರಿಸಿದ್ದನ್ನು ಕಂಡಿದ್ದೇನೆ.

ನಿರ್ವಹಣೆಯಲ್ಲಿ ಮೊದಲ ತಪ್ಪು ನನ್ನದೇ. ಪಟ್ಟಿಗಳು ಜಾರುವ ಸರಳುಗಳಿಗೆ ಗ್ರೀಸ್ ಬಳಿದೆ. ನಮ್ಮ ಬೇಸಿಗೆಯ ಧೂಳು ಅದಕ್ಕೆ ಮೆತ್ತಿ ಕೆಸರಾಗಿ, ಪಟ್ಟಿಗಳು ಅರ್ಧದಲ್ಲೇ ಕಚ್ಚಿಕೊಳ್ಳತೊಡಗಿದವು. ಈಗ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ, ಅಷ್ಟರಲ್ಲೇ ಕೆಲಸ ನಡೆದಿದೆ. ಸೀಟಿನ ರೆಕ್ಸಿನ್ ಬೆವರಿಗೆ ಬಿರಿದು ಒಮ್ಮೆ ಬದಲಾಗಿದೆ.

ಎರಡನೆಯ ವರ್ಷದಲ್ಲಿ ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಗಾಲಿಯ ಬಳಿ ಒಡೆದು ಒಳಗಿನ ಉಕ್ಕಿನ ಎಳೆಗಳು ಬಿಚ್ಚಿಕೊಂಡಿದ್ದವು. ಅಂದೇ ಯಂತ್ರವನ್ನು ನಿಲ್ಲಿಸಿದೆ. ಎರಡು ದಿನದಲ್ಲಿ ಕಳಿಸುತ್ತೇವೆಂದ ಮಾರಾಟಗಾರರಿಂದ ಕೇಬಲ್ ಬರಲು ಮೂರು ವಾರ ಹಿಡಿಯಿತು. ಸ್ಥಳೀಯವಾಗಿ ಸಿಗುವ ತಂತಿಯನ್ನೇ ಹಾಕಿಬಿಡಿ ಎಂದವರೂ ಇದ್ದರು. ಅಷ್ಟು ಭಾರ ನೇತಾಡುವ ಕಡೆ ಆ ಧೈರ್ಯ ನನಗೆ ಬರಲಿಲ್ಲ. ಇದೇ ಯಂತ್ರವನ್ನು ಇನ್ನೊಮ್ಮೆ ಕೊಳ್ಳಲು ನನಗೆ ಅಡ್ಡಿಯಿಲ್ಲ, ಆದರೆ ಹೆಚ್ಚುವರಿ ಕೇಬಲ್ ಒಂದನ್ನು ಬಿಲ್ಲಿನಲ್ಲೇ ಬರೆಸಿಕೊಂಡ ಮೇಲಷ್ಟೇ ಹಣ ಕೊಡುತ್ತೇನೆ.