ಎರಡು ‘ನೊರ್ಮಾ’ಗಳ ನಡುವಿನ ಮರಿಯಾ ಕ್ಯಾಲಸ್

ವಾರ್ನರ್ ಕ್ಲಾಸಿಕ್ಸ್ ಸಂಸ್ಥೆ 2014ರಲ್ಲಿ ಹೊರತಂದ, ಪಾಶ್ಚಾತ್ಯ ಸಂಗೀತನಾಟಕವಾದ ಒಪೆರಾದ ಗಾಯಕಿ ಮರಿಯಾ ಕ್ಯಾಲಸ್ ಅವರ ಸ್ಟುಡಿಯೋ ಧ್ವನಿಮುದ್ರಣಗಳ ಸಮಗ್ರ ಸಂಪುಟದಲ್ಲಿ 69 ಸಿ.ಡಿ.ಗಳಿವೆ. 1949ರಿಂದ 1969ರವರೆಗೆ ಅವರು ಸ್ಟುಡಿಯೋಗಾಗಿ ಹಾಡಿದ 26 ಪೂರ್ಣ ಒಪೆರಾಗಳೂ 13 ಏಕಗಾಯನ ಸಂಗ್ರಹಗಳೂ ಇಲ್ಲಿ ಸೇರಿದ್ದು, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅವುಗಳನ್ನು ಹೊಸದಾಗಿ ಸಂಸ್ಕರಿಸಲಾಗಿದೆ. ಗ್ರೀಕ್ ಹಡಗು ಉದ್ಯಮಿ ಒನಾಸಿಸ್ ಜೊತೆಗಿನ ಸಂಬಂಧ, 1958ರಲ್ಲಿ ರೋಮಿನಲ್ಲಿ ಮೊದಲ ಅಂಕಕ್ಕೇ ನಿಂತುಹೋದ ಪ್ರದರ್ಶನ ಮುಂತಾದವುಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಅವರ ಕಂಠದ ಏರಿಳಿತವನ್ನು ತಿಳಿಯಬಯಸುವವರು ಮಾತ್ರ ಈ ಸಂಪುಟವನ್ನು ಕಾಲಾನುಕ್ರಮದಲ್ಲಿ ಕೇಳುವುದೇ ಮೇಲು.

1923ರಲ್ಲಿ ನ್ಯೂಯಾರ್ಕಿನ ಗ್ರೀಕ್ ಕುಟುಂಬದಲ್ಲಿ ಹುಟ್ಟಿ, ಅಥೆನ್ಸಿನಲ್ಲಿ ಎಲ್ವಿರಾ ದೆ ಹಿದಾಲ್ಗೊ ಅವರ ಬಳಿ ಕಲಿತ ಕ್ಯಾಲಸ್, 1949ರ ಜನವರಿಯಲ್ಲಿ ವೆನಿಸ್‌ನಲ್ಲಿ ವ್ಯಾಗ್ನರ್‌ನ ಒಪೆರಾದಲ್ಲಿ ಬ್ರೂನ್‌ಹಿಲ್ಡೆಯ ಪಾತ್ರವನ್ನು ಹಾಡುತ್ತಿದ್ದಾಗಲೇ, ಅಸ್ವಸ್ಥರಾಗಿದ್ದ ಮಾರ್ಗರಿಟಾ ಕರೋಸಿಯೊ ಅವರ ಬದಲಿಗೆ ಬೆಲ್ಲಿನಿಯ ‘ಇ ಪುರಿತಾನಿ’ಯಲ್ಲಿ ಎಲ್ವಿರಾಳ ಪಾತ್ರವನ್ನು ಕೆಲವೇ ದಿನಗಳಲ್ಲಿ ಕಲಿತು ಹಾಡಿದರು. ಭಾರವಾದ ಕಂಠವನ್ನು ಬೇಡುವ ಮೊದಲ ಪಾತ್ರಕ್ಕೂ ಚುರುಕಾದ ಸ್ವರಸರಣಿಗಳನ್ನು ಬೇಡುವ ಎರಡನೆಯದಕ್ಕೂ ಒಬ್ಬಳೇ ಗಾಯಕಿ ಸಲ್ಲುವುದು ಅಪರೂಪ. ಅದೇ ವರ್ಷ ಟ್ಯೂರಿನ್ನಿನಲ್ಲಿ ಮುದ್ರಿಸಿದ ಗಾಯನಗಳು ಸಂಪುಟದಲ್ಲಿವೆ. ಇಟಾಲಿಯನ್ನಿನಲ್ಲಿ ಹಾಡಿದ, ವ್ಯಾಗ್ನರ್‌ನ ನಾಯಕಿ ಇಸೊಲ್ಡೆಯ ಅಂತ್ಯಗೀತೆಯ ಜೊತೆಗೇ ಎಲ್ವಿರಾಳ ಉನ್ಮಾದವನ್ನೂ ಕೇಳಿದಾಗ ವೆನಿಸ್ಸಿನ ಆ ಸಾಹಸ ಬರಿಯ ದಂತಕಥೆಯಲ್ಲ ಎಂಬುದು ಮನವರಿಕೆಯಾಗುತ್ತದೆ.

ಸಂಪುಟದ ಶಿಖರ 1953ರ ಆಗಸ್ಟಿನಲ್ಲಿ ಮಿಲಾನಿನ ಒಪೆರಾ ಮಂದಿರ ಲಾ ಸ್ಕಾಲಾದಲ್ಲಿ ಮುದ್ರಿಸಿದ, ಪುಚ್ಚೀನಿಯ ‘ತೊಸ್ಕಾ’. ವಿಕ್ಟರ್ ದೆ ಸಬಾತಾ ಅವರ ವಾದ್ಯವೃಂದ ನಿರ್ದೇಶನ, ವಾಲ್ಟರ್ ಲೆಗ್ ಅವರ ನಿರ್ಮಾಣ, ಜೊತೆಗೆ ಸಹಗಾಯಕರಾಗಿ ಜುಸೆಪ್ಪೆ ದಿ ಸ್ತೆಫಾನೊ ಮತ್ತು ತಿತೊ ಗೊಬ್ಬಿ. ಕ್ರೂರ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನನ್ನು ಕೊಂದ ಮೇಲೆ ತೊಸ್ಕಾ ಆಡುವ, ಇವನ ಮುಂದೆ ಇಡೀ ರೋಮ್ ನಡುಗುತ್ತಿತ್ತು ಎಂಬ ಅರ್ಥದ ಒಂದೇ ಸಾಲಿನಲ್ಲಿ ಕ್ಯಾಲಸ್ ಅಸಹ್ಯ, ದಣಿವು, ನಂಬಲಾಗದ ಬೆರಗು ಮೂರನ್ನೂ ತುಂಬುತ್ತಾರೆ, ಅದೂ ಮಂದ್ರದಲ್ಲಿ, ದನಿಯೇರಿಸದೆ. ಇದು ಮೋನೋ ಮುದ್ರಣವಾದರೂ ಮರುಸಂಸ್ಕರಣದಲ್ಲಿ ವಾದ್ಯಗಳ ಮುಸುಕು ಸರಿದಿದೆ, ಕಂಠದ ಕರ್ಕಶತೆಯನ್ನು ನಯಗೊಳಿಸುವ ಆತುರವೂ ಕಾಣುವುದಿಲ್ಲ.

ಆ ಪ್ರಾಮಾಣಿಕತೆಯ ಬೆಲೆ ತಿಳಿಯುವುದು ಬೆಲ್ಲಿನಿಯ ಒಪೆರಾ ‘ನೊರ್ಮಾ’ದ ಎರಡು ಮುದ್ರಣಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿದಾಗ. ಎರಡೂ ತುಲ್ಲಿಯೊ ಸೆರಾಫಿನ್ ಅವರ ವಾದ್ಯವೃಂದ ನಿರ್ದೇಶನದವು. 1954ರ ಮುದ್ರಣದಲ್ಲಿ ತಾರಸ್ಥಾಯಿಯ ಸ್ವರಗಳು ಗುರಿಗೆ ನೇರವಾಗಿ ತಗಲುತ್ತವೆ. 1960ರ ಸ್ಟೀರಿಯೋ ಮುದ್ರಣದಲ್ಲಿ ಅದೇ ಎತ್ತರದಲ್ಲಿ ಕಂಠ ಅಲುಗಾಡುತ್ತದೆ, ಕೆಲವೆಡೆ ಕಿವಿಗೆ ಕಷ್ಟವೇ ಆಗುತ್ತದೆ. ಆದರೂ ಮಕ್ಕಳನ್ನು ಕೊಲ್ಲಲು ಹೊರಟು ಹಿಂಜರಿಯುವ ತಾಯಿಯನ್ನು ಎರಡನೆಯದರಲ್ಲೇ ಹೆಚ್ಚು ಹತ್ತಿರದಿಂದ ಕಂಡಂತಾಗುತ್ತದೆ. ಕ್ರಿಸ್ಟಾ ಲುಡ್ವಿಗ್ ಮತ್ತು ಫ್ರಾಂಕೊ ಕೊರೆಲ್ಲಿ ಜೊತೆಗಿರುವುದೂ ಅದಕ್ಕೆ ಬಲ ಕೊಟ್ಟಿದೆ. ಒಂದನ್ನೇ ಆರಿಸಬೇಕೆಂದರೆ ನಾನು 1960ರದನ್ನು ಆರಿಸುತ್ತೇನೆ. ಸ್ವರಶುದ್ಧಿಯನ್ನೇ ಮುಖ್ಯವೆಂದು ಬಗೆಯುವವರು ಒಪ್ಪಲಾರರು.

1964ರಲ್ಲಿ ಮುದ್ರಿಸಿದ, ಬಿಜೆಯ ‘ಕಾರ್ಮೆನ್’ ಕುತೂಹಲಕರ. ರಂಗದ ಮೇಲೆ ಎಂದೂ ಹಾಡದ ಈ ಪಾತ್ರಕ್ಕೆ ಕಪ್ಪಾದ ಮಂದ್ರಸ್ವರಗಳು ಚೆನ್ನಾಗಿ ಒದಗಿಬಂದಿವೆ. 1969ರ ವೆರ್ದಿ ಗೀತೆಗಳನ್ನು ಅಧ್ಯಯನಕ್ಕಾಗಿ ಕೇಳಬಹುದು, ಸಂತೋಷಕ್ಕಾಗಿ ಅಲ್ಲ.

ಮುಖ್ಯ ಕೊರತೆ ವೆರ್ದಿಯ ‘ಲಾ ತ್ರಾವಿಯಾತಾ’ದಲ್ಲಿದೆ. 1953ರಲ್ಲಿ ಇಟಲಿಯ ಧ್ವನಿಮುದ್ರಣ ಕಂಪನಿ ಚೆತ್ರಾಗಾಗಿ ಹಾಡಿದ ಕಾರಣ ಕರಾರಿನ ಪ್ರಕಾರ ಬೇರೆ ಕಂಪನಿಗೆ ಅದನ್ನು ಕೆಲವು ವರ್ಷ ಹಾಡುವಂತಿರಲಿಲ್ಲ. ಹಾಗಾಗಿ ಅವರ ಅತ್ಯುತ್ತಮ ಪಾತ್ರಗಳಲ್ಲೊಂದು ಇಲ್ಲಿ ಸಪ್ಪೆಯಾದ ನಿರ್ದೇಶನದ ಆ ಹಳೆಯ ಮುದ್ರಣದಲ್ಲಷ್ಟೇ ಸಿಗುತ್ತದೆ. 1955ರಲ್ಲಿ ವಿಸ್ಕೊಂಟಿ ರಂಗಕ್ಕೆ ತಂದು ಜುಲಿನಿ ನಡೆಸಿಕೊಟ್ಟ ಲಾ ಸ್ಕಾಲಾ ಪ್ರದರ್ಶನದ ನೇರ ಮುದ್ರಣವನ್ನು ಬೇರೆಯಾಗಿಯೇ ಹುಡುಕಿಕೊಳ್ಳಬೇಕು. 1952ರ ‘ಮ್ಯಾಕ್‌ಬೆತ್’, 1957ರ ‘ಆನ್ನಾ ಬೊಲೇನಾ’ ಪ್ರದರ್ಶನಗಳ ನೇರ ಮುದ್ರಣಗಳ ವಿಷಯವೂ ಹಾಗೆಯೇ.

ಪತ್ರಗಳು ಮತ್ತು ಛಾಯಾಚಿತ್ರಗಳಿರುವ ಪುಸ್ತಕ ಸೊಗಸಾಗಿದೆ. ಗೀತಪಾಠಗಳನ್ನು ಮಾತ್ರ ಅಚ್ಚು ಹಾಕಿಸದೆ ಸಿ.ಡಿ.-ರಾಮ್‌ಗೆ ತುಂಬಿರುವುದರಿಂದ, ಪದಗಳನ್ನು ಕಣ್ಣೆದುರು ಇಟ್ಟುಕೊಂಡು ಕೇಳುವವರಿಗೆ ತೊಂದರೆ ತಪ್ಪದು. ಒಪೆರಾಕ್ಕೆ ಹೊಸಬರಾದವರು ಇಡೀ ಸಂಪುಟವನ್ನು ಕೊಳ್ಳುವ ಬದಲು, ಇದೇ ಸಂಸ್ಕರಣದಲ್ಲಿ ಬಿಡಿಯಾಗಿಯೂ ಬಂದಿರುವ 1953ರ ‘ತೊಸ್ಕಾ’ದಿಂದ ಆರಂಭಿಸಬಹುದು.